ತಮ್ಮ ಮಾರಿದ ಕಾರು

ಅದು ಎರಡು ವರ್ಷದ ಹಿಂದಿನ ದಸರಾ. ನಮ್ಮನೆಗೆ ಮೊದಲ ಕಾರು ಬಂದ ವರ್ಷ. ಅಲ್ಲಿವರೆಗೆ ನಾವು ಗಂಡ ಹೆಂಡತಿ ಸ್ಕೂಟರಲ್ಲೇ ಓಡಾಡಿದವರು. ನಾನು ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಗಣಿತ ಹೇಳಿಕೊಡ್ತೀನಿ. ಲಾಭ ನಷ್ಟದ ಲೆಕ್ಕ ಮಕ್ಕಳ ತಲೆಗೆ ತುಂಬೋಳು ನಾನೇ. ನಗಬೇಡಿ, ಮುಂದೆ ಕೇಳಿ.

ಕಾರು ಅಂದ ಕೂಡಲೇ ನನಗೆ ನೆನಪಾದವನು ಮಂಜು, ನನ್ನ ಚಿಕ್ಕಪ್ಪನ ಮಗ. ಅಪ್ಪ ಅಮ್ಮ ಹೋದ ಮೇಲೆ, ಒಡಹುಟ್ಟಿದವರಿಲ್ಲದ ನನಗೆ ತವರು ಅಂತ ಉಳಿದಿರೋದು ಅವನೊಬ್ಬನೇ. ಪಿಯುಸಿ ಎರಡು ವರ್ಷ ನಮ್ಮನೇಲೇ ಇದ್ದು ಓದಿದ. ಈಗ ಕಾರು ಶೋರೂಮಲ್ಲಿ ಸೇಲ್ಸ್ ಕೆಲಸ.

ನಮ್ಮೆಜಮಾನ್ರು ಮಾತ್ರ ನಾಲ್ಕು ಕಡೆ ವಿಚಾರಿಸೋ ಜಾತಿ. ಮಂಡ್ಯದಲ್ಲಿ ಅದೇ ಕಾರು ಕಡಿಮೆಗೆ ಸಿಗುತ್ತೆ ಅಂತ ಯಾರೋ ಹೇಳಿದ್ದಕ್ಕೆ ಬಸ್ ಹತ್ತಿ ಹೋಗಿ, ಅಲ್ಲಿನ ಡೀಲರ್ ಹತ್ರ ಕೊಟೇಶನ್ ಬರೆಸಿಕೊಂಡು ಬಂದರು. "ಕಾರಿನ ಬೆಲೆ ಎಲ್ಲಾ ಕಡೆ ಒಂದೇ ಕಣೇ. ಇನ್ಶೂರೆನ್ಸು, ಮ್ಯಾಟು, ಸೀಟ್ ಕವರು, ಆ ಚಾರ್ಜು ಈ ಚಾರ್ಜು ಅಂತ ಮೇಲೆ ಹಾಕ್ತಾರಲ್ಲ, ಕೈಚಳಕ ಇರೋದು ಅಲ್ಲೇ. ಇದನ್ನ ಮಂಜುಗೆ ತೋರಿಸೋಣ" ಅಂದರು.

ನನಗೆ ರೇಗಿಹೋಯ್ತು. "ನಮ್ಮನೆ ಅನ್ನ ತಿಂದ ಹುಡುಗನ ಮುಂದೆ ಚೀಟಿ ಹಿಡಿದು ಚೌಕಾಸಿ ಮಾಡ್ತೀರಾ? ಅವನು ಏನಂದ್ಕೋತಾನೆ? ನನ್ನ ಮರ್ಯಾದೆ ಏನಾಗಬೇಕು?" ಅಂತ ಕೂಗಾಡಿಬಿಟ್ಟೆ. ಅವರು ಚೀಟಿ ಮಡಚಿ ಒಳಗಿಟ್ಟರು.

ಶೋರೂಮಲ್ಲಿ ಮಂಜು, "ಅಕ್ಕಾ, ನಿಮಗೋಸ್ಕರ ಮ್ಯಾನೇಜರ್ ಹತ್ರ ಜಗಳ ಆಡಿ ರೇಟ್ ಹಾಕ್ಸಿದೀನಿ. ಇದಕ್ಕಿಂತ ಕಮ್ಮಿಗೆ ಯಾರಿಗೂ ಕೊಟ್ಟಿಲ್ಲ" ಅಂದ. ಇನ್ನೇನು ಬೇಕು! ಯಾವುದಕ್ಕೆ ಎಷ್ಟು ಅಂತ ಒಂದು ಸಾಲೂ ಓದದೆ ಸೈನ್ ಮಾಡಿದೆ. ಯಜಮಾನರ ಕಡೆ ತಿರುಗಿ, "ನೋಡಿದ್ರಾ?" ಅನ್ನೋ ಹಾಗೆ ಹುಬ್ಬು ಬೇರೆ ಹಾರಿಸಿದೆ.

ಆಯುಧಪೂಜೆ ದಿನ ಬೆಳಿಗ್ಗೆ ಪೂಜೆಗೆ ಅಂತ ಕಾರು ಚಾಮುಂಡಿ ಬೆಟ್ಟ ಹತ್ತಿಸಿದೆವು. ಗಾಡಿಗಳ ಸಾಲು ನೋಡಬೇಕು! ನಮ್ಮ ಪಕ್ಕದಲ್ಲೇ ನಮ್ಮಂಥದ್ದೇ ಕಾರು, ಬಣ್ಣವೂ ಅದೇ. ಹುಣಸೂರು ಕಡೆಯ ತೆಂಗಿನಕಾಯಿ ವ್ಯಾಪಾರಿಯಂತೆ, ಹೆಂಡತಿ ಜೊತೆ ಬಂದಿದ್ದರು. ಪೂಜಾರಪ್ಪ ಬರೋವರೆಗೆ ಹಾಗೇ ಮಾತುಕತೆ ಶುರುವಾಯ್ತು. "ನಿಮ್ದು ಎಷ್ಟಕ್ಕೆ ಬಿತ್ತು ಮೇಡಂ?" ಅಂದರು. ಜಂಬದಿಂದಲೇ ಹೇಳಿದೆ.

"ಅಯ್ಯೋ! ನಮ್ಗೆ ಐವತ್ತೆಂಟು ಸಾವಿರ ಕಮ್ಮಿಗೆ ಕೊಟ್ಬುಟ್ರಲ್ಲ! ಮಂಡ್ಯದಿಂದ ಕೊಟೇಶನ್ ತಂದು ಎದುರಿಗಿಟ್ಟೆ. ಕೊಡದಿದ್ರೆ ಅಲ್ಲಿಗೇ ಓಯ್ತೀನಿ ಅಂತ ಎದ್ಬುಟ್ಟೆ. ಕೈ ಹಿಡ್ದು ಕೂರಿಸ್ಬುಟ್ಟು, ಇನ್ಶೂರೆನ್ಸ್ ಇಳಿಸಿ, ಮ್ಯಾಟು ಕವರು ಎಲ್ಲಾ ಪುಕ್ಕಟೆ ಆಕ್ಕೊಟ್ಟ."

ಅವರ ಹಿಂದಿನ ಗಾಜಿನ ಮೇಲೆ ನಮ್ಮ ಶೋರೂಮಿನದೇ ಸ್ಟಿಕರ್ ಇತ್ತು. "ಯಾರು ಕೊಟ್ಟಿದ್ದು?" ಅಂದೆ.

"ಮಂಜು ಅಂತ ಒಬ್ಬವ್ನೆ ಅಲ್ಲಿ. ಬಾಳ ಒಳ್ಳೆ ಹುಡುಗ ಕಣ್ರೀ."

ಅಷ್ಟರಲ್ಲಿ ಪೂಜಾರಪ್ಪ ಬಂದು ಮಂಗಳಾರತಿ ಮಾಡಿದರು, ಚಕ್ರದಡಿ ನಿಂಬೆಹಣ್ಣು ಇಟ್ಟರು. ನನಗೆ ಏನೂ ಕಾಣಿಸಲಿಲ್ಲ. ಕಾರಿಗೆ ಹಾಕಿದ ಆ ಚೆಂಡು ಹೂವಿನ ಹಾರ ಕಿತ್ತು ಬಿಸಾಡೋಣ ಅನ್ನಿಸ್ತು. ಬೆಟ್ಟ ಇಳಿಯೋವಾಗ ಯಜಮಾನರು ಹೊಸ ಗಾಡಿ ಚೆನ್ನಾಗಿ ಓಡುತ್ತೆ ಅಂತ ಹೊಗಳಿದರು. ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹಬ್ಬ ಮುಗಿದ ಮೇಲೆ ಒಬ್ಬಳೇ ಶೋರೂಮಿಗೆ ಹೋದೆ. ಏನೋ ತಪ್ಪಾಗಿದೆ ಅಂತಾನೋ, ಕಾಲು ಹಿಡೀತಾನೋ ಅಂತ ಇನ್ನೂ ಒಂದು ಆಸೆ. "ಹುಣಸೂರು ಕಡೆಯ ಯಾರೋ ದಾರಿಹೋಕರಿಗೆ ಕಮ್ಮಿ, ನನಗೆ ಜಾಸ್ತಿ. ಯಾಕೋ ಮಂಜು?" ಅಂದೆ. ಅವನು ಗಾಬರಿ ಸಹ ಆಗಲಿಲ್ಲ. ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಪಾಠ ಹೇಳೋ ಹಾಗೆ ನಿಧಾನಕ್ಕೆ ಹೇಳಿದ. "ಅಕ್ಕಾ, ನಮಗೆ ತಿಂಗಳಿಗಿಷ್ಟು ಅಂತ ಟಾರ್ಗೆಟ್ ಇರುತ್ತೆ. ಒಂದು ಕಡೆ ಬಿಟ್ಟಿದ್ದನ್ನ ಇನ್ನೊಂದು ಕಡೆ ತುಂಬಿಸ್ಕೋಬೇಕು. ಅವರಿಗೆ ಕಮ್ಮಿ ಮಾಡದಿದ್ರೆ ಮಂಡ್ಯಕ್ಕೆ ಹೋಗಿಬಿಡ್ತಿದ್ರು. ನೀವೆಲ್ಲಿಗೆ ಹೋಗ್ತೀರಕ್ಕಾ?"

ನಗ್ತಾ ಅಂದ. ಅದೂ ಪ್ರೀತಿಯೇ ಅಂತ ಅವನ ಲೆಕ್ಕ. ನಾನು ಗ್ಲಾಸು ಇಟ್ಟು ಎದ್ದು ಬಂದೆ. ದುಡ್ಡಿಗೂ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ? ಆದರೆ ಆ ನಗು ಇದೆಯಲ್ಲ, ಅದನ್ನ ಇವತ್ತಿಗೂ ನುಂಗೋಕಾಗಿಲ್ಲ.

ಮುಂದಿನ ಗೌರಿ ಹಬ್ಬಕ್ಕೆ ಬಾಗಿಲಲ್ಲಿ ಮಂಜು. ಕೈಯಲ್ಲಿ ತವರಿನ ಬಾಗಿನ, ಅದರ ಮೇಲೊಂದು ಹಸಿರು ಸೀರೆ. "ಬೇಡ, ತಗೊಂಡು ಹೋಗು" ಅನ್ನೋಕೆ ಬಾಯಿ ತೆರೆದೆ. ಆದರೆ ಮುತ್ತೈದೆ ನಾನು, ಗೌರಿ ದಿನ ತವರಿಂದ ಬಂದಿದ್ದನ್ನ ಹೇಗೆ ತಿರುಗಿಸಿ ಕಳಿಸಲಿ? ಸೆರಗೊಡ್ಡಿ ಇಸ್ಕೊಂಡೆ. ಊಟಕ್ಕೂ ಬಡಿಸಿದೆ. ನಾನು ಇಸ್ಕೊಂಡೇ ಇಸ್ಕೋತೀನಿ ಅಂತ ಅವನಿಗೆ ಗೊತ್ತಿತ್ತು. ಕಾರು ಮಾರುವಾಗಲೂ ಗೊತ್ತಿತ್ತು.