ಭಾರ ಎತ್ತಬೇಡಿ, ನೀವು ಸರಿಯಿರಿ

ಕಂಪ್ಲಿಯ ಅಕ್ಕಿ ಮಿಲ್ಲಿನಲ್ಲಿ ಮೂಟೆಗಳ ಸಾಲು ಜಾರಿ ನನ್ನ ಎದೆಯ ಮೇಲೆ ಬಿದ್ದ ದಿನ ಒಂದು ಮೂಳೆಯೂ ಮುರಿಯಲಿಲ್ಲ. ಹಮಾಲರು ಓಡಿ ಬಂದು ಮೂಟೆಗಳನ್ನು ಎಳೆದು ಹಾಕಿದರು. ಯಾರೋ ನೀರು ಕೊಟ್ಟರು. ನಾನು ಅಂಗಿ ಕೊಡವಿಕೊಂಡು ಅದೇ ಮಧ್ಯಾಹ್ನ ಇನ್ನೊಂದು ಮಿಲ್ಲಿಗೆ ಹೋದೆ. ಅಕ್ಕಿ ದಲ್ಲಾಳಿ ನಾನು. ನಾನು ಮಲಗಿದರೆ ವ್ಯಾಪಾರವೂ ಮಲಗುತ್ತದೆ. ಆದರೆ ಆ ಮಿಲ್ಲಿನ ಗೋದಾಮಿನ ಬಾಗಿಲಿಗೆ ಬಂದವನು ಅಲ್ಲೇ ನಿಂತುಬಿಟ್ಟೆ. ಎರಡು ಸಾಲು ಮೂಟೆಗಳ ನಡುವೆ ಒಬ್ಬ ಮನುಷ್ಯ ಮೈ ಅಡ್ಡ ಮಾಡಿಕೊಂಡು ಹೋಗುವಷ್ಟು ಸಂದಿ. ಇಷ್ಟು ವರ್ಷ ಅಂಥ ಸಂದಿಗಳಲ್ಲೇ ನುಸುಳಿ ಮನೆ ಕಟ್ಟಿದವನಿಗೆ ಕಾಲು ಎತ್ತಲಾಗಲಿಲ್ಲ. ಎದೆಯ ಮೇಲೆ ಮೂಟೆ ಇನ್ನೂ ಇತ್ತು.

ಇದೇನು ಮಹಾ ಎನ್ನಬೇಡಿ. ಅಕ್ಕಿ ಕೊಳ್ಳುವವರಿಗೆ ನನ್ನದೊಂದು ಬುದ್ಧಿಮಾತು, ಕೇಳದಿದ್ದರೂ ಹೇಳುತ್ತೇನೆ: ಮುಂದಿನ ಸಾಲು ನೋಡಿ ಮಾತು ಕೊಡಬೇಡಿ. ಬಾಗಿಲ ಬಳಿ ಯಾರೂ ಕೆಟ್ಟ ಮಾಲು ಇಡುವುದಿಲ್ಲ. ಒಳಗೆ ನುಗ್ಗಿ, ಗೋಡೆಗೆ ತಾಗಿದ ಮೂಟೆಗೆ ಮಾದರಿ ತೆಗೆಯುವ ಚೂಪು ಕೊಳವೆ ಚುಚ್ಚಿ, ಕಾಳು ಅಂಗೈಗೆ ಸುರಿದುಕೊಂಡು, ಒಂದನ್ನು ಹಲ್ಲಿಗಿಟ್ಟು ಕಡಿಯಬೇಕು. ಹಳೆ ಅಕ್ಕಿ ಕಟ್ಟೆನ್ನುತ್ತದೆ, ಹೊಸದು ಹಲ್ಲಿಗೆ ಮೆತ್ತುತ್ತದೆ. ನನ್ನ ಹೊಟ್ಟೆ ತುಂಬಿಸುವ ವಿದ್ಯೆ ಇಷ್ಟೇ. ಬಾಗಿಲಲ್ಲಿ ನಿಂತ ದಲ್ಲಾಳಿ ಮಿಲ್ಲಿನವರು ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಕಾಗುತ್ತದೆ. ಕೆಲವು ತಿಂಗಳು ಫೋನು ಬಂದಂತೆ ನಟಿಸುತ್ತ ಬಾಗಿಲಲ್ಲೇ ಕಳೆದೆ. ನಂತರ ಗಿರಾಕಿಗಳ ಫೋನು ನಿಜವಾಗಿಯೇ ಬರತೊಡಗಿತು. "ಹಳೇ ಅಕ್ಕಿ ಅಂತ ಕೊಟ್ರಿ, ಅನ್ನ ಮುದ್ದಿ ಆಗಾಕ ಹತ್ತೈತಿ. ಏನ್ರೀ ನೀವೂ ಹಿಂಗ ಮಾಡಿದ್ರ?"

ಮನೆಯಲ್ಲೂ ನನಗೆ ನೆಲೆಯಿರಲಿಲ್ಲ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಬೇಕು. ಕ್ಷೌರಿಕ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿದರೆ ಅರ್ಧ ಗಡ್ಡಕ್ಕೇ ಎದ್ದು ಕೂರುತ್ತಿದ್ದೆ. ಹೆಂಡತಿ ಚಹಾ ಹಿಡಿದು ನನ್ನ ಹಿಂದೆ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಕಟ್ಟೆಗೆ ತಿರುಗಿ ಸಾಕಾಗಿ, "ಒಂದ್ ಕಡೆ ಕುಂದ್ರಿ. ಗಾಣದೆತ್ತಿಗಾದ್ರೂ ಎಣ್ಣಿ ಬರತೈತಿ, ನೀವ್ ತಿರುಗಿದ್ರ ಏನ್ ಬರತೈತಿ?" ಎಂದಳು.

ವಡ್ಡು ಊರಿನ ಕಡೆಯ ಉಕ್ಕಿನ ಕಾರ್ಖಾನೆಯ ಕೂಲಿಗಳ ಮೆಸ್ಸಿಗೆ ನಾನೇ ಅಕ್ಕಿ ಹಾಕುತ್ತಿದ್ದೆ. ಅಲ್ಲಿ ಊಟಕ್ಕೆ ಬರುತ್ತಿದ್ದ ಒಬ್ಬ ಹುರುಪಿನ ಆಪರೇಟರ್ ಹೊಸಪೇಟೆಯಲ್ಲಿ ಟೈರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಬ್ರೆಜಿಲಿಯನ್ ಜಿಯು-ಜಿತ್ಸು ಹೇಳಿಕೊಡುತ್ತಿದ್ದ. ಹೆಸರು ಕೇಳಿ ಹೆದರಬೇಡಿ. ಅದೂ ಒಂದು ಬಗೆಯ ಕುಸ್ತಿ. ಬಹುಪಾಲು ನೆಲದ ಮೇಲೆಯೇ ನಡೆಯುತ್ತದೆ, ಕತ್ತು ಒತ್ತಿಯೋ ಕೈ ತಿರುಚಿಯೋ ಎದುರಾಳಿ ಸೋಲೊಪ್ಪಿ ಕೈ ತಟ್ಟುವಂತೆ ಮಾಡುವುದು. ಹಂಪಿಗೆ ಬಂಡೆ ಹತ್ತಲು ಬರುವ ಪರದೇಶದವರಿಂದ ಅವನು ಮೊದಲ ಪಾಠ ಕಲಿತದ್ದಂತೆ. ಅವರು ಬಿಟ್ಟುಹೋದ ದಪ್ಪ ಮೆತ್ತೆಗಳನ್ನೇ ಹಾಲ್‌ನಲ್ಲಿ ಹಾಸಿದ್ದ. ನನ್ನ ಕಥೆ ಕೇಳಿದವನು, "ಔಷಧ ಬ್ಯಾಡ್ರಿ. ನಮ್ಮಲ್ಲಿ ಬಂದು ಒಬ್ಬರ ಕೆಳಗ ಮಲಕೊಳ್ರಿ," ಎಂದ.

"ಸುಮ್ನ ಮಲಗಾಕ ಫೀಸು ಯಾಕ?" ಎಂದೆ.

"ಮಲಗಾಕ ಅಲ್ರಿ, ಏಳಾಕ."

ಮೊದಲ ವಾರ ನೋಡುತ್ತೇನೆ, ಫೀಸಿನ ಮಾತು ಆಮೇಲೆ ಎಂದು ಒಪ್ಪಿಸಿಯೇ ಮೆಟ್ಟಿಲು ಹತ್ತಿದೆ.

ನನಗೆ ಜೋಡಿಯಾಗಿ ಸಿಕ್ಕವನು ಸಂಡೂರಿನ ಗಣಿಯಲ್ಲಿ ಡಂಪರ್ ಓಡಿಸುವ ಆಳು. ನಿಂತರೆ ಬಾಗಿಲು ಮುಚ್ಚಿದಂತೆ. ಅವನು ನನ್ನ ಪಕ್ಕದಿಂದ ಬಂದು ಎದೆಗೆ ಎದೆ ಅಡ್ಡ ಇಟ್ಟು, ಒಂದು ಕೈ ಕತ್ತಿನ ಕೆಳಗೆ, ಇನ್ನೊಂದು ಸೊಂಟದ ಬಳಿ ಹಾಕಿ, ಭಾರ ಬಿಟ್ಟ. ಇದಕ್ಕೆ ಸೈಡ್ ಕಂಟ್ರೋಲ್ ಎನ್ನುತ್ತಾರೆ. ನಾನು ಮೂಟೆಯನ್ನು ತಳ್ಳಿದಂತೆ ಎರಡೂ ಕೈ ಚಾಚಿ ಅವನನ್ನು ಮೇಲಕ್ಕೆ ತಳ್ಳಿದೆ. ಚಾಚಿದ ಕೈಯನ್ನು ಅವನು ಮಾವಿನಕಾಯಿ ಕಿತ್ತಂತೆ ತೆಗೆದುಕೊಂಡು ತಿರುಚಿದ. ತಟ್ಟಿದೆ. ಎರಡನೇ ಸಲ ಉಸಿರು ಸಿಗದೆ, ಬೆನ್ನು ಮೆತ್ತೆಗೆ ತಾಗಿದ್ದೇ ತಪ್ಪೆನ್ನುವಂತೆ, ಅವನಿಗೆ ಬೆನ್ನು ಕೊಟ್ಟು ಬೋರಲು ತಿರುಗಿದೆ. ಅವನು ಬೆನ್ನೇರಿ ಕತ್ತಿಗೆ ತೋಳು ಸುತ್ತಿದ. ತಟ್ಟಿದೆ. ತಟ್ಟಿ ನೇರ ಬಾಗಿಲಿಗೆ ನಡೆದು ಚಪ್ಪಲಿ ಮೆಟ್ಟಿದೆ.

"ಎಲ್ಲಿಗ್ರಿ ಸಾವ್ಕಾರ್ರ?" ಎಂದ ಡಂಪರಿನವನು, ಇನ್ನೂ ನೆಲದಲ್ಲೇ ಕೂತು. "ಚಾ ಕುಡ್ಯಾಕಾ? ನನಗೂ ಒಂದು ಹೇಳ್ರಿ."

ಕಲಿಸುವವನು ನಗಲಿಲ್ಲ. "ಗರಡಿಗೆ ಹೋಗಿದ್ರೇನು ನೀವು?"

ಹೋಗಿದ್ದೆ. ಬುಕ್ಕಸಾಗರದ ಗರಡಿಯಲ್ಲಿ ಹುಡುಗಾಟದ ವಯಸ್ಸಿನಲ್ಲಿ ಕೆಂಪು ಮಣ್ಣು ಮೆತ್ತಿಕೊಂಡವನೇ ನಾನು. ದೊಡ್ಡ ಪೈಲ್ವಾನನೇನೂ ಆಗಲಿಲ್ಲ. ಆದರೆ ಬೆನ್ನು ಮಣ್ಣಿಗೆ ತಾಗಿದರೆ ಕುಸ್ತಿ ಮುಗಿಯಿತು ಎನ್ನುವುದು ಮೈಗೆ ಹತ್ತಿತ್ತು. ಬೀಳುವಾಗಲೇ ಬೋರಲಾಗು, ಹೊಟ್ಟೆ ನೆಲಕ್ಕೆ ಕೊಡು, ಬೆನ್ನು ಆಕಾಶಕ್ಕೆ ಇಡು. ಮಣ್ಣಿನಲ್ಲಿ ಅದು ಮಾನ ಉಳಿಸುತ್ತದೆ. ಈ ಮೆತ್ತೆಯ ಮೇಲೆ ಅದೇ ಕತ್ತು ಕೊಟ್ಟಂತೆ.

"ನಮ್ ಕಡೆ ಗರಡಿಯೋರು ಬಂದ್ರ ಮೊದಲು ಎಲ್ರೂ ಹಿಂಗ," ಎಂದ ಕಲಿಸುವವನು, ಡಂಪರಿನವನತ್ತ ಕೈ ಮಾಡಿ. "ಇವ್ರೂ ಭಾಳ ದಿನ ಬೆನ್ನೇ ಕೊಟ್ಟಾರ."

"ಇನ್ನೂ ಒಮ್ಮೊಮ್ಮಿ ಕೊಡ್ತೀನಿ," ಎಂದ ಡಂಪರಿನವನು, ಕತ್ತು ಉಜ್ಜಿಕೊಳ್ಳುತ್ತ. "ಅಪ್ಪ ಕಲಿಸಿದ್ದು ಹ್ಯಾಂಗ ಬಿಡಲಿ?"

ಚಪ್ಪಲಿ ಕಳಚಿ ಮತ್ತೆ ಒಳಗೆ ಬಂದೆ.

ಕೆಳಗೆ ಸಿಕ್ಕವರು ಏನು ಮಾಡಬೇಕೆಂದು ನಾನು ಕಲಿತಷ್ಟು ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು. ಅಂಗಾತ ಬಿದ್ದದ್ದಕ್ಕೆ ನಾಚಬೇಡಿ. ಮೊಣಕೈಗಳನ್ನು ಪಕ್ಕೆಗೆ ಹಚ್ಚಿ. ಒಂದು ಮುಂಗೈಯನ್ನು ಅವನ ಕತ್ತಿಗೆ, ಇನ್ನೊಂದನ್ನು ಅವನ ಸೊಂಟಕ್ಕೆ ಅಡ್ಡ ಕೊಡಿ. ತಳ್ಳಲಿಕ್ಕಲ್ಲ, ತೊಲೆಗೆ ಕಂಬ ಕೊಟ್ಟಂತೆ. ಹಿಮ್ಮಡಿ ಊರಿ ಸೊಂಟ ಒಮ್ಮೆ ಮೇಲಕ್ಕೆ ಎಗರಿಸಿದರೆ ಅವನ ಭಾರ ಚೂರು ಅಲುಗುತ್ತದೆ. ಆ ಚೂರಿನಲ್ಲಿ ಅವನ ಕಡೆಗೇ ಮೈ ತಿರುಗಿಸಿ, ಸೊಂಟವನ್ನು ಮಾತ್ರ ಸಿಗಡಿ ಮೀನಿನಂತೆ ಹಿಂದಕ್ಕೆ ಎಳೆದುಕೊಳ್ಳಿ. ನಡುವೆ ಮೊಣಕಾಲು ತೂರಿಸಿ. ಅಷ್ಟಾದರೆ ಅವನಿಗೂ ನಿಮಗೂ ನಡುವೆ ಕಾಲು ಬಂತು, ಇನ್ನು ಮಾತಾಡಬಹುದು. ಕಲಿಸುವವನು ಇದೆಲ್ಲವನ್ನೂ ಒಂದೇ ಮಾತಿನಲ್ಲಿ ಕೂಗುತ್ತಿದ್ದ: "ಭಾರ ಎತ್ತಬ್ಯಾಡ್ರಿ, ನೀವ್ ಸರೀರಿ!"

ಬರೆಯಲು ಎರಡು ನಿಮಿಷ. ಮಾಡಲು ನನಗೆ ಮಳೆಗಾಲವೆಲ್ಲ ಬೇಕಾಯಿತು. ಅಡ್ಡ ಕೊಡುವಷ್ಟರಲ್ಲಿ ಕಣ್ಣು ಮೇಲಿನ ಫ್ಯಾನಿಗೆ ಹೋಗುತ್ತಿತ್ತು, ಮೈ ತಾನಾಗಿ ಬೋರಲು ಹೊರಳುತ್ತಿತ್ತು. ಡಂಪರಿನವನು ಸುಮ್ಮನೆ ಕಾದಿದ್ದು ಬೆನ್ನೇರುತ್ತಿದ್ದ. ಒಂದು ದಿನ ರೇಗಿ ಕೇಳಿದೆ: "ನಾನ್ ಯಾವಾಗ ತಿರುಗ್ತೀನಿ ಅಂತ ನಿನಗ ಹ್ಯಾಂಗ ಗೊತ್ತಾಗತೈತಲೇ?"

"ನಿಮ್ ಮಾರಿ ಹೇಳತೈತಿ, ಕಾಕಾ. ಮೊದಲು ಉಸಿರು ಹಿಡೀತೀರಿ, ಆಮ್ಯಾಲ ಕಣ್ಣು ದೊಡ್ಡವು ಮಾಡ್ತೀರಿ. ರಿವರ್ಸ್ ಹಾರನ್ ಹೊಡದು ಗಾಡಿ ಹಿಂದ ತಗೊಂಡಂಗ."

ಬೇರೆ ಯಾರಾದರೂ ಅಂದಿದ್ದರೆ ನಗುತ್ತಿದ್ದೆ. ನನಗೆ ಚುಚ್ಚಿತು. ಯಾಕೆಂದರೆ ನಾನು ಮೊದಲು ಹೊಟ್ಟೆ ಹೊರೆದದ್ದು ಸಂತೆಯಲ್ಲಿ, ಎತ್ತಿನ ವ್ಯಾಪಾರದಲ್ಲಿ. ಅಲ್ಲಿ ರೇಟನ್ನು ಬಾಯಿಂದ ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಹಾಕಿ, ಅದರ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಏರಿಸುತ್ತಾರೆ, ಇಳಿಸುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಮಾತ್ರ ಕಾಣುತ್ತದೆ. ಒಳಗೆ ಜಗಳವೇ ನಡೆದಿರಲಿ, ಮುಖ ಮಾತ್ರ ಮಳೆ-ಬೆಳೆ ಮಾತಾಡುತ್ತಿರಬೇಕು. ಹುಬ್ಬು ಏರಿಸಿದವನು ಕೆಟ್ಟ. ಇಡೀ ಪೇಟೆಯಲ್ಲಿ ನನ್ನ ಮುಖ ನೋಡಿ ರೇಟು ಹೇಳಿದವರಿಲ್ಲ. ಈ ಡಂಪರಿನವನು ಓದಿಬಿಟ್ಟಿದ್ದ.

ಮರುದಿನ ಅವನು ಎದೆ ಇಟ್ಟಾಗ, ಇದು ಮನುಷ್ಯನಲ್ಲ, ದೊಡ್ಡ ಟವೆಲ್ ಎಂದುಕೊಂಡೆ. ಉಸಿರು ಬಿಟ್ಟೆ. "ಸಂಡೂರಾಗ ಮಳಿ ಹೆಂಗೈತಿ?" ಎಂದೆ.

"ಆಂ? ಐತಿ… ರಸ್ತೆಲ್ಲ ಕೆಂಪು ಕೆಸರು…"

ಅವನು ಕೆಸರಿನಲ್ಲಿರುವಾಗ ಕೆಳಗೆ ನನ್ನ ಮುಂಗೈ ಅವನ ಸೊಂಟ ಮುಟ್ಟಿತು. ನನ್ನ ಸೊಂಟ ಎಗರಿಸಿದೆ, ಅವನ ಕಡೆಗೆ ತಿರುಗಿದೆ, ಸರಿದೆ, ಮೊಣಕಾಲು ಒಳಗೆ ಹೋಯಿತು. ಹಾಲ್‌ನಲ್ಲಿ ಯಾರೋ ಸಿಳ್ಳೆ ಹಾಕಿದರು.

"ಮಾತಿನಾಗ ಕೆಡವಿದ್ರಿ. ಇದು ವ್ಯಾಪಾರ, ಜಿತ್ಸು ಅಲ್ಲ," ಎಂದ ಅವನು. ಹಾಗೆಂದು ಮತ್ತೆ ಒತ್ತಿ ಕೂತ. ಈ ಸಲ ಹೊಟ್ಟೆಯ ಮೇಲೆ ಕುದುರೆ ಏರಿದಂತೆ. ಏಳಲಾಗಲಿಲ್ಲ. ಆದರೆ ಬೋರಲು ತಿರುಗಲೂ ಇಲ್ಲ. ಅದೇ ನನಗೆ ದೊಡ್ಡದು.

ಹಿಂಗಾರಿನ ಭತ್ತ ಮಿಲ್ಲಿಗೆ ಬರುವ ಮೊದಲೇ ಕಂಪ್ಲಿಗೆ ಹೋಗಬೇಕಿತ್ತು. ಒಬ್ಬ ದೊಡ್ಡ ಗಿರಾಕಿ ಮಾತ್ರ ಉಳಿದಿದ್ದ. ಈ ಸಲ ಹಳೆ ಅಕ್ಕಿಯೇ ಸಿಗದಿದ್ದರೆ ಬೇರೆ ದಲ್ಲಾಳಿಯನ್ನು ನೋಡಿಕೊಳ್ಳುತ್ತೇನೆ ಎಂದು ಸ್ಪಷ್ಟವಾಗಿ ಹೇಳಿದ್ದ. ಮೂಟೆ ಬಿದ್ದ ಅದೇ ಮಿಲ್ಲು. ಮಾಲೀಕ ನನ್ನ ವಯಸ್ಸಿನವನೇ, ಟವೆಲ್ ವ್ಯಾಪಾರದ ರುಚಿ ಬಿಡದವನು. ಕುರ್ಚಿಯನ್ನು ಬಾಗಿಲಿಗೇ ಹಾಕಿಸಿದ. "ಕುಂದ್ರಿ, ಕುಂದ್ರಿ. ನೀವೀಗ ಒಳಗ ಬರಂಗಿಲ್ಲಂತ ಗೊತ್ತಲ್ಲ. ಸ್ಯಾಂಪಲ್ ಇಲ್ಲೇ ತರಸ್ತೀನಿ."

ಆ ಮಾತಿನ ಬೆಣ್ಣೆ ನನಗೆ ಹಿಡಿಸಲಿಲ್ಲ. ಕೊಳವೆ ಕೈಗೆ ತೆಗೆದುಕೊಂಡೆ. "ಕುಂತು ಕುಂತು ಸಾಕಾಗೈತ್ರಿ."

ಸಂದಿಯಲ್ಲಿ ಅರ್ಧ ದೂರ ಹೋಗುವಷ್ಟರಲ್ಲಿ ಗೋಣಿಯ ವಾಸನೆ ಮೂಗಿಗೆ ಬಡಿದು ಎದೆ ಹಿಡಿಯಿತು. ಓಡು ಎಂದಿತು ಮೈ. ಮೊಣಕೈ ಪಕ್ಕೆಗೆ ಹಚ್ಚಿದೆ. ಮುಂಗೈಯನ್ನು ಮೂಟೆಗೆ ಅಡ್ಡ ಕೊಟ್ಟೆ. ಅದನ್ನು ತಳ್ಳಲಿಲ್ಲ; ಸೊಂಟ ಚೂರು ಹಿಂದೆ ತೆಗೆದು ಉಸಿರಿಗೆ ಜಾಗ ಮಾಡಿಕೊಂಡೆ. ನಂತರ ಒಂದು ಹೆಜ್ಜೆ. ಮತ್ತೆ ನಿಂತೆ, ಮತ್ತೆ ಒಂದು. ಗೋಡೆ ಬದಿಯ ಮೂಟೆಗೆ ಕೊಳವೆ ಚುಚ್ಚಿ ಕಾಳು ಕಡಿದೆ. ಕಟ್ಟೆನ್ನಲಿಲ್ಲ. ಮೊನ್ನೆ ಮೊನ್ನೆಯ ಅಕ್ಕಿ, ಹಲ್ಲಿಗೆ ಮೆತ್ತಿಕೊಂಡಿತು.

"ಮಾಲೀಕ್ರೇ, ಸ್ವಲ್ಪ ಒಳಗ ಬರ್ರಿ!" ಎಂದು ಕೂಗಿದೆ.

ಬಂದ. ದೊಡ್ಡ ಹೊಟ್ಟೆಯವನು, ಸಂದಿಯಲ್ಲಿ ಸಿಕ್ಕಿಸಿಕೊಂಡು ಬಂದ. ಅಂಗೈಯ ಕಾಳು ತೋರಿಸಿದೆ.

"ಅಯ್ಯ, ಆ ಸಾಲು ಬ್ಯಾರೇದವ್ರದು. ಬರ್ರಿ ಹೊರಗ, ಮಾತಾಡೂಣು."

"ಇಲ್ಲೇ ಮಾತಾಡೂಣು. ತಂಪೈತಿ," ಎಂದು ಹೆಗಲ ಟವೆಲ್ ತೆಗೆದು ನಮ್ಮಿಬ್ಬರ ಕೈಗಳ ಮೇಲೆ ಹಾಕಿದೆ.

ತಂಪೆಲ್ಲಿ ಬಂತು, ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ಅವನ ಬೆನ್ನಿನಲ್ಲೂ ಇಳಿಯುತ್ತಿತ್ತು. ಹೊರಗಿನ ಬೆಳಕಿನ ಕಡೆ ಅವನು ತಿರುಗಿ ತಿರುಗಿ ನೋಡುತ್ತಿದ್ದ. ನಾನು ಬುಕ್ಕಸಾಗರದ ಕಾಲುವೆ ನೀರಿನ ಮಾತು ತೆಗೆದೆ. ಕೆಳಗೆ ಬೆರಳು ಇಳಿಸಿದೆ. ಅವನು ಏರಿಸಿದ. ಮತ್ತೆ ಇಳಿಸಿದೆ. ಹಳೆ ಅಕ್ಕಿ ಮಾತ್ರ, ನನ್ನ ಕಣ್ಣೆದುರೇ ಲೋಡು ಎಂದೆ. ಒಪ್ಪಿದ.

ರೇಟನ್ನು ಇನ್ನೊಂದು ಬೆರಳು ಇಳಿಸಬಹುದಿತ್ತು. ಅವನ ಕೈ ಸಡಿಲಾದದ್ದು ನನಗೆ ತಿಳಿಯಿತು. ಇನ್ನು ಸ್ವಲ್ಪ ಹೊತ್ತು ನಿಂತಿದ್ದರೆ ಕೊಡುತ್ತಿದ್ದ. ಆದರೆ ಈಗ ನಾನೂ ಬೆಳಕಿನ ಕಡೆ ನೋಡತೊಡಗಿದ್ದೆ, ಮತ್ತು ಕಾಲುವೆ ನೀರಿನ ಬಗ್ಗೆ ಹೇಳುವುದೆಲ್ಲ ಮುಗಿದಿತ್ತು. ಆ ಬೆರಳನ್ನು ಅವನಿಗೇ ಬಿಟ್ಟು ಟವೆಲ್ ಎಳೆದುಕೊಂಡೆ. "ನಡೀರಿ ಮುಂದ," ಎಂದೆ. ಓಡದೆ ಅವನ ಹಿಂದೆ ಬೆಳಕಿಗೆ ಬಂದೆ.