ಮಂಗಳವಿಲ್ಲದ ನಾಟಕ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ದುಡಿಯುತ್ತಿದ್ದ ಕಾಲದಲ್ಲಿ ನನಗೆ ನಾಟಕದ ಹುಚ್ಚಿತ್ತು. ಅದನ್ನು ಹತ್ತಿಸಿದವನು ನನ್ನ ತಮ್ಮ. ನಮ್ಮ ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ಸಾಯುವ ಪಾತ್ರವೆಲ್ಲ ಅವನದೇ. ಅವನು ಬಾಣ ತಗುಲಿ ಬಿದ್ದರೆ ಅವ್ವ ಸೆರಗು ಬಾಯಿಗಿಟ್ಟುಕೊಂಡು ಕೂತುಬಿಡುತ್ತಿದ್ದಳು. ಕೊನೆಯಲ್ಲಿ ಸತ್ತವರೂ ಎದ್ದು ಸಾಲಾಗಿ ನಿಂತು ಮಂಗಳ ಹಾಡುವುದು ಪದ್ಧತಿ. ಅವನು ಎದ್ದ ಮೇಲೇ ಅವಳು ಉಸಿರು ಬಿಡುತ್ತಿದ್ದದ್ದು. ಕೆಳಗಿಳಿದು ಬಂದವನ ಬೆನ್ನಿನ ಧೂಳು ಕೊಡವಿ ಮನೆಗೆ ಕರೆದುಕೊಂಡು ಹೋಗುತ್ತಿದ್ದಳು.

ಆ ತಮ್ಮ ಕಾಮಾಲೆಯಾಗಿ ತೀರಿಕೊಂಡ.

ಮಾರನೇ ವರ್ಷ ನಗರದಲ್ಲೊಂದು ನಾಟಕ ಶಿಬಿರಕ್ಕೆ ಹೋದೆ. ಪಾಳಿ ಮುಗಿಸಿ ಹೋದವನಿಗೆ ಅರ್ಧ ಪಾಠ ತೂಕಡಿಕೆಯಲ್ಲೇ ಕಳೆಯಿತು. ಉಳಿದರ್ಧ ತಲೆಗೆ ಹತ್ತಿತು. ಗ್ರೀಕರ ದುರಂತ ನಾಟಕ ಹುಟ್ಟಿದ್ದು ದೇವರ ಹಬ್ಬದಲ್ಲಿ ಹಾಡುವ ಮೇಳದಿಂದಂತೆ. ಮೇಳದಿಂದ ಒಬ್ಬ ಈಚೆ ಬಂದು, ಒಂಟಿಯಾಗಿ ನಿಂತು, ಮೇಳಕ್ಕೆ ಉತ್ತರ ಕೊಟ್ಟನಂತೆ. ಹಾಡುಹಗಲಲ್ಲೇ ಆಡುತ್ತಿದ್ದರಂತೆ, ನೋಡಿದವರು ಅತ್ತು ಹಗುರಾಗುತ್ತಿದ್ದರಂತೆ. ನನಗೆ ಬೇಕಾಗಿದ್ದದ್ದು ಒಂದೇ ಮಾತು: ಅಲ್ಲಿ ಸತ್ತವನನ್ನು ಮಂಗಳಕ್ಕೆಂದು ಯಾರೂ ಎಬ್ಬಿಸುವುದಿಲ್ಲ. ತಮ್ಮ ಹೋದಾಗಿನಿಂದ ಕಂಡಕಂಡವರೆಲ್ಲ ಸಮಾಧಾನ ಹೇಳಿ ನನ್ನನ್ನು ಸುಸ್ತು ಮಾಡಿದ್ದರು. ಒಂದು ಸಾವಾದರೂ ಸಾವಾಗಿಯೇ ಉಳಿಯಲಿ ಅನ್ನಿಸಿತ್ತು.

ಯುವರಾಜ ಸಾಯುವ ಕಥೆಯೊಂದನ್ನು ನಾನೇ ಬರೆದೆ. ಮಂಗಳ ಬೇಡ ಎಂದೆ.

"ಮಂಗಳ ಇಲ್ದೆ ನಾಟಕ ಹೆಂಗಯ್ಯಾ ಮುಗಿಯುತ್ತೆ?" ಎಂದು ನಾಟಕಕ್ಕೆಂದು ಕರೆಸಿದ್ದ ಹಾರ್ಮೋನಿಯಂ ಮೇಷ್ಟ್ರು ಗೊಣಗಿದರು.

ತಮ್ಮ ಹೋದ ಮೇಲೆ ನನ್ನ ಜೊತೆಗೇ ಬಂದಿದ್ದ ಅವ್ವನಿಗೂ ಅದೇ ಚಿಂತೆ. "ಕೊನೇಗೆ ಎದ್ದೇಳ್ತಾನೆ ತಾನೆ?"

"ಇಲ್ಲ ಕಣವ್ವ. ಇದು ಅಂಥ ನಾಟ್ಕ ಅಲ್ಲ."

ಭಾನುವಾರ ಮಧ್ಯಾಹ್ನ ಕ್ಯಾಂಟೀನ್ ಶೆಡ್ಡಿನಲ್ಲಿ ಆಡಿದೆವು. ಯುವರಾಜನಾಗಿದ್ದ ಫಿಟ್ಟರ್ ಹುಡುಗ ಚೆನ್ನಾಗಿಯೇ ಸತ್ತ. ನಾನು ಮುಂದೆ ಬಂದು ನಾಟಕ ಮುಗಿಯಿತೆಂದು ಹೇಳಿದೆ. ಜನ ಏಳಲಿಲ್ಲ. ಮಂಗಳಕ್ಕೆ ಕಾಯುತ್ತ ಕೂತೇ ಇದ್ದರು. ನನಗೆ ರೇಗಿತು. ಇನ್ನೊಮ್ಮೆ ಕೂಗಿ ಹೇಳಿದೆ.

ಎದ್ದವಳು ಅವ್ವ. ಮಂಡಿ ಹಿಡಿದುಕೊಂಡು ವೇದಿಕೆ ಹತ್ತಿ, ಹುಡುಗನ ಪಕ್ಕ ಕೂತಳು.

"ಏಳಪ್ಪಾ. ಮಲ್ಗಿದ್ದು ಸಾಕು."

ಅವನು ಕಣ್ಣು ಬಿಟ್ಟು ನನ್ನ ಕಡೆ ನೋಡಿದ. ಬೇಡವೆನ್ನುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಅವನು ಎದ್ದ. ಮೇಷ್ಟ್ರು ಹಾರ್ಮೋನಿಯಂ ಒತ್ತಿಯೇಬಿಟ್ಟರು, ಶೆಡ್ಡಿಗೆ ಶೆಡ್ಡೇ ಎದ್ದು ನಿಂತು ಮಂಗಳ ಹಾಡಿತು. ಅವ್ವ ಅವನ ಬೆನ್ನಿನ ಧೂಳು ಕೊಡವಿದಳು. ಆಮೇಲೆ ತೋಳು ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಆ ಬಣ್ಣದ ಮುಖವನ್ನು ಬಹಳ ಹೊತ್ತು ನೋಡಿದಳು.

"ನೀನ್ ಯಾರ್ ಮಗನಪ್ಪಾ?"

"ಹೂಡಿ ಅನ್ನೋ ಊರೋನು ಕಣವ್ವ."

"ನಿಮ್ಮವ್ವ ಇದ್ದಾಳಾ?"

"ಊರಲ್ಲವ್ಳೆ."

ಅವ್ವ ತೋಳು ಬಿಟ್ಟಳು. "ಬಿರ್‍ನೆ ಓಗಪ್ಪಾ, ಕಾಯ್ತಿರ್ತಾಳೆ" ಎಂದಳು.