ಬ್ರೇಕ್ ಒತ್ತದ ಮೇಷ್ಟ್ರು

ಮೊದಲ ವಾರ ಕಳೆಯಿತೆಂದರೆ ನಮ್ಮ ಡ್ರೈವಿಂಗ್ ಮೇಷ್ಟ್ರು ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿ, ಊಟಕ್ಕೆ ಕೂತವರಂತೆ ಚಕ್ಕಂಬಕ್ಕಳ ಹಾಕಿಬಿಡುತ್ತಿದ್ದರು. ತರಬೇತಿ ಕಾರಿನಲ್ಲಿ ಕಲಿಸುವವರ ಕಡೆಗೂ ಒಂದು ಬ್ರೇಕ್ ಇರುತ್ತದೆ. ಅದರ ಕಡೆ ಅವರು ನೋಡುತ್ತಲೂ ಇರಲಿಲ್ಲ.

ನಾನು ಯಲಹಂಕದ ಕಾಲೇಜೊಂದರಲ್ಲಿ ಮನಃಶಾಸ್ತ್ರದ ಅಧ್ಯಾಪಕಿ. ಬೆಳೆಯುವ ತುಡಿತ ಮನುಷ್ಯನೊಳಗೇ ಇದೆ, ನಂಬಿ ಜೊತೆಗಿರುವವರೊಬ್ಬರು ಸಿಕ್ಕರೆ ಸಾಕು ಎಂದು ಇಪ್ಪತ್ತು ವರ್ಷ ಪಾಠ ಹೇಳಿದವಳು. ನನ್ನ ವಿಷಯಕ್ಕೆ ಬಂದರೆ ಮಾತ್ರ, ನಲವತ್ತಾರರಲ್ಲಿ ಇನ್ನೇನು ಕಲಿಯುವುದು ಎಂಬ ಅಳುಕು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಆದರೆ ಎಲ್ಲಿಗೆ ಹೋಗಬೇಕಾದರೂ ಯಜಮಾನರ ಬಿಡುವು ಕಾಯುವುದು ಸಾಕಾಗಿಹೋಗಿತ್ತು.

ಒಂದು ಬೆಳಿಗ್ಗೆ ಹೆಬ್ಬಾಳದ ಸಿಗ್ನಲ್‌ನಲ್ಲಿ ಕಾರು ಆಫ್ ಆಯಿತು. ಹಿಂದಿನವರೆಲ್ಲ ಹಾರ್ನ್ ಹೊಡೆಯತೊಡಗಿದರು.

"ಸರ್, ನೀವೇ ತಗೊಳ್ಳಿ. ನನ್ ಕೈಲಿ ಆಗಲ್ಲ" ಎಂದೆ.

"ಅವ್ರು ಆರ್ನ್ ಒಡೀಲಿ ಬುಡಿ ಮೇಡಂ. ನೀವು ಕೀ ತಿರುಗ್ಸಿ."

ತಿರುಗಿಸಿದೆ. ಹೊರಟಿತು.

ಲೈಸೆನ್ಸಿನ ಪರೀಕ್ಷೆಯ ದಿನ ಏರಿನಲ್ಲಿ ಕಾರು ಹಿಂದಕ್ಕೆ ಜಾರಿತು. ಇಂಥ ಹೊತ್ತಿನಲ್ಲಿ ಪಕ್ಕದಲ್ಲಿರುವ ಮೇಷ್ಟ್ರು ಗುಟ್ಟಾಗಿ ಬ್ರೇಕ್ ಒತ್ತಿ ಶಿಷ್ಯರನ್ನು ಪಾರುಮಾಡುವುದುಂಟು. ನಮ್ಮವರು ಒತ್ತಲಿಲ್ಲ. ನನ್ನ ವಿದ್ಯಾರ್ಥಿಗಳ ವಯಸ್ಸಿನ ಹುಡುಗರೆದುರು ನಾನು ಫೇಲಾದೆ. ಸಿಟ್ಟು ನೆತ್ತಿಗೇರಿತು.

"ಒಂದ್ಸಲ ಒತ್ತಿದ್ರೆ ನಿಮ್ ಗಂಟೇನ್ ಹೋಗ್ತಿತ್ತು ಸರ್?"

"ಒತ್ತಿದ್ರೆ ಲೈಸೆನ್ಸ್ ಬರ್ತಿತ್ತು ಮೇಡಂ. ಆಮ್ಯಾಕೆ ನೀವೊಬ್ರೇ ಓಗ್ಬೇಕಾದಾಗ ನಾನೆಲ್ಲಿಂದ ಬರ್ಲಿ?"

ಎರಡು ದಿನ ಮುನಿಸಿಕೊಂಡು ಮನೆಯಲ್ಲೇ ಕೂತೆ. ಮೂರನೆಯ ದಿನ ನಾನಾಗಿಯೇ ಹೋದೆ. ಅವರು ಪುಟ್ಟೇನಹಳ್ಳಿಯ ಕಡೆ ಕರೆದೊಯ್ದು ವಾರವಿಡೀ ಬರೀ ಏರು ಹತ್ತಿಸಿದರು. ಕ್ಲಚ್ ಯಾವಾಗ ಬಿಡಬೇಕೆಂದು ಒಮ್ಮೆಯೂ ಹೇಳಲಿಲ್ಲ. "ಇಂಜಿನ್ ಏನಂತದೆ, ಕೇಳುಸ್ಕಳಿ" ಎಂದಷ್ಟೇ. ನಾನು ಕೇಳಿಸಿಕೊಂಡೆ. ಎರಡನೇ ಸಲ ಪರೀಕ್ಷೆಯಲ್ಲಿ ಕಾರು ಒಂದಿಂಚೂ ಜಾರಲಿಲ್ಲ. ಅಷ್ಟು ಖುಷಿ ನನಗೆ ಎಂ.ಎ. ಮುಗಿಸಿದಾಗಲೂ ಆಗಿರಲಿಲ್ಲ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಸುದ್ದಿ ತಿಳಿದಾಗ ಯಜಮಾನರು ಊರಲ್ಲಿರಲಿಲ್ಲ. ಏರ್‌ಪೋರ್ಟ್ ರಸ್ತೆಯ ಲಾರಿಗಳ ನಡುವೆ ಅಳುತ್ತಲೇ ನಾನೊಬ್ಬಳೇ ಓಡಿಸಿಕೊಂಡು ಹುಣಸಮಾರನಹಳ್ಳಿಗೆ, ಅವರ ಮನೆಗೆ ಹೋದೆ. ಆ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವೇ ಇರಲಿಲ್ಲ. ಉದ್ದಕ್ಕೂ ಕಾರುಗಳು ನಿಂತಿದ್ದವು, ಇನ್ನೂ ಬರುತ್ತಿದ್ದವು. ನನ್ನಂಥ ಹೆಂಗಸರೇ ಒಬ್ಬೊಬ್ಬರಾಗಿ ಡ್ರೈವರ್ ಸೀಟಿನಿಂದ ಇಳಿಯುತ್ತಿದ್ದರು.